ಅರ್ಧ ಹೆಜ್ಜೆ ಮುಂದೆ

ದೊಡ್ಡ ಸೊಸೆಯ ನಡಿಗೆಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಜೊತೆಯಲ್ಲಿ ಯಾರೇ ಇರಲಿ, ಆಕೆ ಅರ್ಧ ಹೆಜ್ಜೆ ಮುಂದೆ. ಅವರು ಬಿರುಸಾದರೆ ಈಕೆಯ ಸೊಂಟದ ಬೀಗದ ಕೈಗೊಂಚಲು ಇನ್ನೂ ಬಿರುಸಾಗಿ ಗಲಗಲಿಸುವುದು. ಮಾವನ ಫೋಟೊ ಸ್ಟುಡಿಯೊದಲ್ಲಿ ಹನ್ನೆರಡು ವರ್ಷ ಮದುವೆ ಆಲ್ಬಮ್‌ಗಳನ್ನು ಜೋಡಿಸಿದವಳು. ಮುದುಕಿಯೊಬ್ಬಳ ಸುಕ್ಕು ಅಳಿಸದೆಯೇ ಅವಳನ್ನು ಚೆಲುವೆಯಾಗಿಸುವ ಕಲೆ ಈಕೆಗೆ ಸಿದ್ಧಿಸಿತ್ತು. ಮೈದುನನ ಹೆಂಡತಿ ಬಂದು ಪಕ್ಕದ ಮೇಜಿನಲ್ಲಿ ಕುಳಿತಾಗಲೂ ಅಗ್ರಸ್ಥಾನ ತನ್ನದೇ ಎಂಬುದರಲ್ಲಿ ಆಕೆಗೆ ಸಂಶಯವಿರಲಿಲ್ಲ.

ಅದನ್ನು ಕೆಡಿಸಿಕೊಂಡದ್ದು ತಾನೇ. ಎರಡೂ ಕಂಪ್ಯೂಟರುಗಳು ತೆವಳತೊಡಗಿದಾಗ ಮಾವ ಅವನ್ನು ಚುರುಕಾಗಿಸುವ ಎಸ್‌ಎಸ್‌ಡಿ ಡಿಸ್ಕ್ ತಂದು, "ಒಂದೇ ಸಿಕ್ಕಿದ್ದು. ಯಾರದಕ್ಕೆ ಹಾಕ್ಸಲಮ್ಮ?" ಎಂದು ಅವಳನ್ನೇ ಕೇಳಿದ್ದರು. "ನನಗ್ಯಾಕೆ ಮಾವ, ಅವಳದಕ್ಕೇ ಹಾಕ್ಸಿ" ಎಂದಳು, ಇನ್ನೆರಡು ಸಲ ಬಲವಂತ ಮಾಡಲಿ ಎಂಬ ಆಸೆಯಿಂದ. ಮಾವ ಬಲವಂತ ಮಾಡಲಿಲ್ಲ.

ಅಂದಿನಿಂದ ವಾರಗಿತ್ತಿಯ ಯಂತ್ರ, ಗುಂಡಿ ಒತ್ತಿ ಕುರ್ಚಿ ಎಳೆದು ಕೂರುವಷ್ಟರಲ್ಲಿ ಸಿದ್ಧ. ಎರಡು ಸಾವಿರ ಚಿತ್ರಗಳ ಫೋಲ್ಡರು ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಳ್ಳುವುದು. ಇವಳದು ಕರಕರ ಎನ್ನುತ್ತ ಏಳುವ ಹೊತ್ತಿಗೆ ಚಹಾ ಕುಡಿದು ಲೋಟ ತೊಳೆದಿಡಬಹುದಿತ್ತು. ಕಾದು ಬೇಸತ್ತ ಗಿರಾಕಿಗಳು ಕುರ್ಚಿಯನ್ನು ಪಕ್ಕದ ಮೇಜಿನತ್ತ ಎಳೆದುಕೊಂಡಾಗ, ಅದರ ಕಾಲು ನೆಲಕ್ಕೆ ಉಜ್ಜುವ ಸದ್ದಿಗೇ ಇವಳ ಹೊಟ್ಟೆ ಉರಿಯುತ್ತಿತ್ತು. "ಅವಸರದ ಕೆಲಸ ಅವಳೇ ಮಾಡ್ಲಿ" ಎಂದು ಮೂಗು ಮುರಿದಳು. ಆದರೆ ಮರುವಾರದಿಂದ ಗುಡಿಸುವ ನೆಪದಲ್ಲಿ ಕಾಲು ಗಂಟೆ ಮುಂಚೆಯೇ ಬಂದು, ಕಂಪ್ಯೂಟರ್ ಆನ್ ಮಾಡಿ, ವಾರಗಿತ್ತಿ ತನ್ನ ಮಗುವನ್ನು ಶಾಲೆಗೆ ಬಿಟ್ಟು ಒಳಬರುವಾಗ, ಎಂದೋ ಕೆಲಸಕ್ಕೆ ಕೂತವಳಂತೆ ಕನ್ನಡಕ ಏರಿಸಿಕೊಂಡಿರುತ್ತಿದ್ದಳು. "ಅಕ್ಕ, ಆಗ್ಲೇ ಶುರು ಮಾಡ್ಬಿಟ್ರಾ?" ಎಂಬ ಒಂದು ಮಾತಿಗೆ ಅವಳ ಇಡೀ ದಿನ ಹಗುರಾಗುತ್ತಿತ್ತು.

ಒಂದು ಬೆಳಗ್ಗೆ ಕರೆಂಟು ಹೋಗಿತ್ತು. ಕಪ್ಪು ಪರದೆಯ ಮುಂದೆ ಚಡಪಡಿಸುತ್ತ ಗಾಜಿನ ಬಾಗಿಲಾಚೆ ನೋಡಿದರೆ, ಎದುರಿನ ಚಪ್ಪಲಿ ಅಂಗಡಿಯ ಮುಂದೆ ವಾರಗಿತ್ತಿ ಬಿಸಿಲಲ್ಲಿ ನಿಂತಿದ್ದಾಳೆ. ಗಡಿಯಾರ ನೋಡುತ್ತಾಳೆ, ಇತ್ತ ನೋಡುತ್ತಾಳೆ, ಬರುವುದಿಲ್ಲ. ಕರೆಂಟು ಬಂದು, ಯಂತ್ರ ಕರಕರ ಎಂದು, ಕಡೆಗೂ ಪರದೆಯ ಬೆಳಕು ಗೋಡೆಗೆ ಬಿದ್ದ ಮೇಲೆಯೇ ರಸ್ತೆ ದಾಟಿದಳು.

"ಅಕ್ಕ, ಆಗ್ಲೇ ಶುರು ಮಾಡ್ಬಿಟ್ರಾ?"

"ದಿನಾ ಅಲ್ಲೇ ನಿಂತಿರ್ತೀಯಾ?"

"ಚಪ್ಪಲಿ ನೋಡ್ತಿದ್ದೆ ಅಕ್ಕ."

"ಬಾಗಿಲು ಹಾಕಿರೋ ಅಂಗಡೀಲಿ?"

ವಾರಗಿತ್ತಿ ಮುಖ ತಗ್ಗಿಸಿ ತನ್ನ ಯಂತ್ರದ ಗುಂಡಿ ಒತ್ತಿದಳು.

ವಾರಗಿತ್ತಿಯ ಯಂತ್ರ ಚುರುಕಾದದ್ದನ್ನು ದೊಡ್ಡ ಸೊಸೆ ಹೇಗೋ ಸಹಿಸಿಕೊಂಡಿದ್ದಳು. ಅವಳ ಮನಸ್ಸೂ ತನ್ನದಕ್ಕಿಂತ ದೊಡ್ಡದೆಂದರೆ ಹೇಗೆ ಸಹಿಸುವುದು? ಮರುದಿನ ಇನ್ನೂ ಕಾಲು ಗಂಟೆ ಮುಂಚೆ ಬಂದಳು, ವಾರಗಿತ್ತಿ ಬಿಸಿಲಲ್ಲಿ ನಿಲ್ಲುವಂತಾಗಬಾರದೆಂದು. ಮಾವ ಕಾರಣ ಕೇಳಿದ್ದಕ್ಕೆ "ಕಸ ಜಾಸ್ತಿ" ಎಂದಳು.

ಹೊಟ್ಟೆಕಿಚ್ಚಿನವರೆಂದು ಲೋಕ ಇಂಥವರನ್ನು ಹಗುರವಾಗಿ ಆಡಿಕೊಳ್ಳುತ್ತದೆ. ಆದರೆ ಅವರು ಒಳ್ಳೆಯತನದಲ್ಲಿಯೂ ಇನ್ನೊಬ್ಬರು ಅರ್ಧ ಹೆಜ್ಜೆ ಮುಂದಿರುವುದನ್ನು ಸಹಿಸಲಾರರು.