ಅಕ್ಕನಿಗೊಂದು ಆಕಾಶ

ಮೊದಮೊದಲು ಅಕ್ಕ ಕತ್ತಲಾದ ಮೇಲೆ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಳ್ಳುತ್ತಿದ್ದಳು. "ಈ ಬಾಗಿಲಿಗೆ ನನ್ನ ಕಂಡ್ರೆ ಆಗಲ್ಲ ಕಣೋ" ಎಂದು ತಮ್ಮನೆದುರು ನಗುತ್ತಿದ್ದಳು. ಕಣ್ಣಿನ ಡಾಕ್ಟರು ನಗಲಿಲ್ಲ. ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಾ ಬರುತ್ತದೆ, ಇದಕ್ಕೆ ಮದ್ದಿಲ್ಲ ಎಂದರು.

ಅಕ್ಕ ದರ್ಜಿ. ತಾಯಿ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ತುಳಿದೇ ತಮ್ಮನನ್ನು ಸಾಕಿದವಳು. ತಮ್ಮನಿಗೆ ಬೀದಿಯ ತಿರುವಿನಲ್ಲಿ ಸಣ್ಣದೊಂದು ಫೋಟೋ ಸ್ಟುಡಿಯೋ.

ಆಸ್ಪತ್ರೆಯಿಂದ ಮರಳಿದ ದಿನ ಅವಳು ಕಿಟಕಿಯ ಬಳಿ ಕೂತು, "ಚುಕ್ಕಿ ನೋಡಿ ಎಷ್ಟು ಕಾಲ ಆಯ್ತೋ. ದಿನಾ ಮೋಡ ಇರ್ಬೇಕು ಅಂದ್ಕೊಂಡಿದ್ದೆ ನೋಡು, ಎಂಥ ಪೆದ್ದಿ ನಾನು" ಎಂದಳು.

ತಮ್ಮ ಪಕ್ಕ ಬಂದು ಕೂತ. "ಫೋಟೋ ತೆಗೆದು ತೋರಿಸ್ತೀನಿ ಬಿಡಕ್ಕಾ. ಹಗಲು ಬೆಳಕಲ್ಲೇ ನೋಡುವೆಯಂತೆ" ಎಂದುಬಿಟ್ಟ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಅವನ ಬಳಿ ಇದ್ದದ್ದು ಗಿರಾಕಿಗಳ ಮುಖ ತೆಗೆಯುವ ಕ್ಯಾಮೆರಾ, ಅದರ ಜೊತೆಗೆ ಬಂದ ಮಾಮೂಲಿ ಲೆನ್ಸು. ಮಹಡಿಯ ಮೇಲೆ ತೆಗೆದ ಚಿತ್ರದಲ್ಲಿ ಬೀದಿದೀಪದ ಬೆಳಕೇ ರಾಡಿಯಂತೆ ತುಂಬಿತ್ತು. ಸ್ಕೂಟರ್ ಹತ್ತಿ ಊರಾಚೆಯ ಹಾಳುಬಿದ್ದ ಕಲ್ಲುಗಣಿಗೆ ಹೋದ. ಅಲ್ಲಿ ಲೆನ್ಸು ತಾನಾಗಿ ಫೋಕಸ್ ಹಿಡಿಯಲಾರದೆ ಕುರುಡನಂತೆ ತಡಕಾಡಿತು. ಪ್ರಖರವಾದ ಒಂದು ಚುಕ್ಕಿಯನ್ನು ಪರದೆಯಲ್ಲಿ ಹಿಗ್ಗಿಸಿ, ಕೈಯಿಂದ ಕೂದಲೆಳೆಯಷ್ಟೇ ತಿರುಗಿಸಬೇಕೆಂದು ಕಲಿತ. ಕ್ಯಾಮೆರಾದ ಶಟರನ್ನು ಹೆಚ್ಚು ಹೊತ್ತು ತೆರೆದರೆ ಚುಕ್ಕಿಗಳು ಸರಿದು ಗೀರುಗಳಾಗುತ್ತಿದ್ದವು. ಕಡಿಮೆ ಮಾಡಿದರೆ ಬರೀ ಕಪ್ಪು. ಎರಡರ ನಡುವಿನ ಹದ ಸಿಗುವಷ್ಟರಲ್ಲಿ ಚಳಿಗಾಲವೇ ಕಳೆಯಿತು. ಅಷ್ಟರಲ್ಲಿ ಅಕ್ಕ ನೀರಿನ ಲೋಟಕ್ಕೂ ಮೇಜು ಸವರತೊಡಗಿದ್ದಳು.

ಕಡೆಗೂ ಬಂತು. ಕೃತ್ತಿಕೆಯ ಗೊಂಚಲು, ಸುತ್ತ ಎಣಿಸಲಾಗದಷ್ಟು ಚುಕ್ಕಿಗಳು. ಅವನು ಗಣಿಯಲ್ಲಿ ಒಬ್ಬನೇ ಹುಚ್ಚನಂತೆ ನಕ್ಕ. ಮರುದಿನವೇ ಕಿಟಕಿಯಗಲದ ಪ್ರಿಂಟು ಹಾಕಿಸಿ ಅಕ್ಕನ ಮಡಿಲಲ್ಲಿಟ್ಟ.

ಅಕ್ಕ ಕಾಗದವನ್ನು ಬಿಸಿಲಿಗೆ ಹಿಡಿದು ಕತ್ತು ಅತ್ತಿತ್ತ ಆಡಿಸಿದಳು. "ಧೂಳು ಕೂತಿದೆಯಲ್ಲೋ" ಎಂದು ಅಂಗೈಯಿಂದ ಒರೆಸಿದಳು. ಮತ್ತೆ ಒರೆಸಿದಳು. ಆಮೇಲೆ ಅವಳ ಕೈ ತಾನಾಗಿ ನಿಂತಿತು.

"ಇವೇನಾ?"

"ಹೂಂ ಅಕ್ಕಾ."

"ಚೆನ್ನಾಗಿ ಬಂದಿದೆ ಕಣೋ."

"ಎಷ್ಟು ಕಾಣ್ತಿದೆ?"

ಅಕ್ಕ ಹೇಳಿದಳು, "ಒಂದು ಕಂಡ್ರೆ ಪಕ್ಕದ್ದು ತಪ್ಪಿಹೋಗುತ್ತೆ."

ಆಗ ಅವನಿಗೆ ಹೊಳೆಯಿತು. ಅವಳಿಗೆ ಉಳಿದಿರುವುದು ಅಂಗಿಯ ಗುಂಡಿಯಷ್ಟು ನೋಟ. ಅದರಲ್ಲಿ ದೊಡ್ಡ ಚಿತ್ರ ಹಿಡಿಸುವುದೆಲ್ಲಿ? ಸ್ಟುಡಿಯೋಗೆ ಓಡಿ ಅಂಗೈಯಗಲಕ್ಕೆ ಇಳಿಸಿದ. ಇಡೀ ಆಕಾಶ ಅವಳ ಕಣ್ಣಿಗೆ ಸಿಕ್ಕಿತು, ಆದರೆ ಚುಕ್ಕಿಗಳೇ ಕರಗಿಹೋಗಿದ್ದವು. ನಡುವಿನ ಅಳತೆಗಳನ್ನೆಲ್ಲ ಹಾಕಿ ನೋಡಿದ. ಹೊಳಪು ಏರಿಸಿದ. ದಿನಾ ಮಧ್ಯಾಹ್ನ ಹೊಸ ಪ್ರಿಂಟು ಹಿಡಿದು ಬರುವನು. ಅಕ್ಕ ಅಲ್ಲಾಡದೆ ಕೂತು ನೋಡುವಳು.

ಒಂದು ದಿನ ಅವಳು ಪ್ರಿಂಟನ್ನು ಮೆಲ್ಲಗೆ ಮಗುಚಿಟ್ಟಳು.

"ಸಾಕು ಮಾಡೋ. ನಿಂಗೆ ಬೇಜಾರಾಗ್ಬಾರ್ದು ಅಂತ ನಾನು ನೋಡ್ತಿದೀನಿ. ನಂಗೆ ಬೇಜಾರಾಗ್ಬಾರ್ದು ಅಂತ ನೀನು ತರ್ತಿದೀಯ. ಇಬ್ರಿಗೂ ಸುಸ್ತಾಯ್ತು."

"ಇನ್ನೊಂದು ಸಲ, ಅಕ್ಕಾ. ಬೇರೆ ಲೆನ್ಸು ಹಾಕಿದ್ರೆ..."

"ಲೆನ್ಸಿಂದ್ ಏನಪ್ಪಾ ತಪ್ಪು" ಎಂದಳು ಅಕ್ಕ.

ಆಮೇಲೆ ಯಂತ್ರದ ಕಡೆ ತಿರುಗಿ ಅರ್ಧ ಹೊಲಿದ ಅಂಗಿಯನ್ನು ತಡವಿ ಎಳೆದುಕೊಂಡಳು. "ಸೂಜಿಗೆ ದಾರ ಪೋಣಿಸಿಕೊಡು ಬಾ."

ಅವನು ಬಾಗಿದ. ದಾರದ ತುದಿ ಸೂಜಿಯ ಪಕ್ಕಕ್ಕೇ ಹೋಗುತ್ತಿತ್ತು. ಕಣ್ಣೊರೆಸಿಕೊಂಡು ಮತ್ತೆ ಹಿಡಿದ. ಅಕ್ಕ ಅವಸರ ಮಾಡಲಿಲ್ಲ. ಕೈಗಳನ್ನು ಅಂಗಿಯ ಮೇಲಿಟ್ಟು ಕಾಯುತ್ತಾ ಕೂತಳು.