ಬೋರಲು ಹಾಕಿದ ಹೂಕುಂಡ

ಟಕ್.

ಅಷ್ಟೇ ಸದ್ದು. ಬೆರಳಿನ ನೆಟಿಗೆ ಮುರಿದಷ್ಟು ಚಿಕ್ಕದು. ಆದರೂ ಸೊಸೆಗೆ ಎಚ್ಚರವಾಯಿತು. ತಲೆಯ ಮೇಲೆ ಫ್ಯಾನು ನಿಧಾನವಾಗಿ ನಿಂತಿತು. ಪಕ್ಕದಲ್ಲಿ ಆರು ವರ್ಷದ ಚಿನ್ನಿ ಸೆಖೆಗೆ ಹೊದಿಕೆ ಒದ್ದಳು. ಕರೆಂಟ್ ಹೋಯಿತು ಎಂದುಕೊಂಡು ಸೊಸೆ ಕಿಟಕಿಯಾಚೆ ನೋಡಿದಳು. ಬೀದಿದೀಪ ಉರಿಯುತ್ತಿತ್ತು. ಎದುರು ಮನೆಯ ಗೇಟಿನ ಬಲ್ಬೂ ಉರಿಯುತ್ತಿತ್ತು. ಬೀದಿಗೆಲ್ಲ ಇರುವ ಕರೆಂಟು ತಮ್ಮ ಮನೆಗೆ ಮಾತ್ರ ಯಾಕಿಲ್ಲ?

ಅವಳು ಕಿವಿಗೊಟ್ಟು ಮಲಗಿದಳು. ಕಾಲು ಗಂಟೆ ಕಳೆದಿರಬೇಕು. ನಡುಮನೆಯಲ್ಲಿ ಚಪ್ಪಲಿ ಸರಿದ ಸದ್ದು. ಮತ್ತೊಮ್ಮೆ ಟಕ್. ಫ್ಯಾನು ತಿರುಗಿತು. ಗಡಿಯಾರ ನೋಡಿದರೆ ಎರಡೂ ಇಪ್ಪತ್ತು.

ಗಂಡ ಮನೆಯಲ್ಲಿರಲಿಲ್ಲ. ಅವನು ಬಸ್ ಡಿಪೋದಲ್ಲಿ ಟೈಮ್ ಕೀಪರ್. ಆ ಎರಡು ತಿಂಗಳು ರಾತ್ರಿ ಪಾಳಿ. ಹಾಗಾದರೆ ಓಡಾಡಿದ್ದು ಯಾರು?

ಬೆಳಿಗ್ಗೆ ಅತ್ತೆಯನ್ನು ಕೇಳಿದಳು. "ಅತ್ತೆ, ರಾತ್ರಿ ಕರೆಂಟ್ ಹೋಗಿತ್ತಾ?"

"ನಂಗೇನೇ ಗೊತ್ತು? ಮಲಗಿದ ಮೇಲೆ ನಂಗೆ ಲೋಕವೇ ಇಲ್ಲ."

"ಯಾರೋ ಓಡಾಡಿದ ಹಾಗಾಯ್ತು."

"ಬೆಕ್ಕಿರಬೇಕು."

"ಬೆಕ್ಕು ಚಪ್ಪಲಿ ಹಾಕ್ಕೊಳ್ಳುತ್ತಾ ಅತ್ತೆ?"

"ಈಗಿನ ಕಾಲದ ಬೆಕ್ಕು ಕಣೇ. ಏನು ಬೇಕಾದ್ರೂ ಹಾಕ್ಕೊಳ್ಳುತ್ತೆ," ಎಂದು ಅತ್ತೆ ಹಿತ್ತಲಿಗೆ ನಡೆದರು.

ಹಿತ್ತಲು ಅತ್ತೆಯ ರಾಜ್ಯ. ಗುಲಾಬಿ, ಸೇವಂತಿಗೆ, ನಾಲ್ಕು ಪಾತಿ ಸೊಪ್ಪು. ನಡುವೆ ಮಂಚದಷ್ಟಗಲದ ಒಂದು ಸಿಮೆಂಟಿನ ಕೊಳ. ಅದರಲ್ಲಿ ಹನ್ನೊಂದು ಕೆಂಪು ಮೀನು. ಒಂದು ಚಿಕ್ಕ ಪಂಪು ನೀರನ್ನು ಮೇಲೆತ್ತಿ ಕಲ್ಲಿನ ಮೇಲಿಂದ ಬೀಳಿಸುತ್ತದೆ. ಪಂಪು ನಿಂತರೆ ಮೀನಿಗೆ ಉಸಿರು ಸಾಲದು ಎಂದು ಅತ್ತೆಗೆ ಯಾರೋ ಹೇಳಿದ್ದರು. ಆ ಮಾತು ಅವರ ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು.

ಕೊಳ ಬೇಕೆಂದು ಹಟ ಹಿಡಿದಿದ್ದು ಅತ್ತೆ. ಮಗನಿಗೆ ಮೊದಲಿನಿಂದಲೂ ಇಷ್ಟವಿರಲಿಲ್ಲ. ಒಮ್ಮೆ ಪಾಚಿ ಕಟ್ಟಿತು, ಒಮ್ಮೆ ಸೊಳ್ಳೆಯಾಯಿತು, ಒಮ್ಮೆ ತಳ ಸೋರಿತು. ಆಗ ಅವನು ಖಡಾಖಂಡಿತವಾಗಿ ಹೇಳಿದ್ದ. "ಅಮ್ಮ, ಇನ್ನೊಂದು ತಾಪತ್ರಯ ಬಂದ್ರೆ ಒಂದು ಗಾಡಿ ಮಣ್ಣು ತರಿಸಿ ಮುಚ್ಚಿಸಿಬಿಡ್ತೀನಿ. ಇದು ಕೊನೇ ಮಾತು."

ಅಂದಿನಿಂದ ಕೊಳದ ಬಗ್ಗೆ ಮನೆಯಲ್ಲಿ ಯಾರೂ ಯಾವ ತಾಪತ್ರಯವನ್ನೂ ಹೇಳಿರಲಿಲ್ಲ.

ಸೊಸೆಯ ತಲೆ ತಿನ್ನುತ್ತಿದ್ದ ಇನ್ನೊಂದು ಸಂಗತಿ ಇತ್ತು. ಸಂಜೆ ಐದಕ್ಕೆ ತಾನಾಗಿ ನೀರು ಚಿಮ್ಮಿಸಲೆಂದು ಗಂಡ ಒಂದು ಸ್ಪ್ರಿಂಕ್ಲರ್ ಹಾಕಿದ್ದ. ಸಾಮಾನಿನ ಕೋಣೆಯಲ್ಲಿ ಅದರ ಟೈಮರ್ ಇತ್ತು. ಒಂದು ತಿಂಗಳಿಂದ ಅದು ಸಂಜೆ ಚಿಮ್ಮುತ್ತಲೇ ಇರಲಿಲ್ಲ. ಆದರೆ ಬೆಳಗಾದರೆ ಪಾತಿಯೆಲ್ಲ ಒದ್ದೆ! ಮಗನೇ ಪಾಳಿ ಮುಗಿಸಿ ಬಂದು ನೀರು ಹಾಕುತ್ತಾನೆ ಎಂದು ಅತ್ತೆ ತಿಳಿದಿದ್ದರು. ಅಮ್ಮ ಬೆಳಗಿನ ಜಾವ ಎದ್ದು ಹಾಕುತ್ತಾಳೆ ಎಂದು ಮಗ ತಿಳಿದಿದ್ದ. ಇಬ್ಬರಲ್ಲಿ ಯಾರೊಬ್ಬರೂ ಹಾಕುವುದನ್ನು ಸೊಸೆ ಕಂಡಿರಲಿಲ್ಲ. ನಿಂತುಹೋದ ಸ್ಪ್ರಿಂಕ್ಲರು, ಒದ್ದೆಯಾಗುವ ಮಣ್ಣು, ಚಪ್ಪಲಿ ಹಾಕುವ ಬೆಕ್ಕು. ಯಾವುದಕ್ಕೂ ತಲೆಬುಡ ಗೊತ್ತಾಗಲಿಲ್ಲ. ತನಗೇ ಏನೋ ಆಗಿದೆಯೇನೋ ಎಂದು ಕೂಡ ಅನ್ನಿಸಿತು.

ಮುಂದಿನ ನಾಲ್ಕು ರಾತ್ರಿಯೂ ಅದೇ ಸದ್ದು, ಅದೇ ಹೊತ್ತು. ಐದನೆಯ ರಾತ್ರಿ ಸದ್ದೇ ಇಲ್ಲ. ಫ್ಯಾನು ಬೆಳಗಿನವರೆಗೂ ತಿರುಗಿತು. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ದಿನಾ ಅಳುವ ಮಗು ಒಂದು ದಿನ ಸುಮ್ಮನಿದ್ದರೆ ತಾಯಿಗೆ ಹೇಗಾಗುತ್ತದೋ ಹಾಗಾಯಿತು.

ಬೆಳಿಗ್ಗೆ ಏಳು ಗಂಟೆಗೆ ಅವಳು ಮೀನಿನ ಕಾಳಿನ ಡಬ್ಬಿ ಹಿಡಿದು ಹಿತ್ತಲಿಗಿಳಿದಳು. ಬರಿಗಾಲು. ಹುಲ್ಲು ತೊಯ್ದು ತೊಪ್ಪೆಯಾಗಿತ್ತು. ಸಾಮಾನಿನ ಕೋಣೆಯ ಕಿಟಕಿಯಿಂದ ಒಂದು ಹಳದಿ ವೈರು ಇಳಿದು, ಹುಲ್ಲಿನ ಮೇಲೆ ಹಾದು, ಕೊಳದ ಕಡೆ ಹೋಗಿತ್ತು. ನಿನ್ನೆ ಅದು ಇರಲಿಲ್ಲ. ಕೊಳದ ಪಕ್ಕದಲ್ಲಿ ಒಂದು ಕಪ್ಪೆ ಅಂಗಾತ ಬಿದ್ದಿತ್ತು. ಮೀನುಗಳೆಲ್ಲ ಒಂದೇ ಮೂಲೆಗೆ ಒತ್ತಿಕೊಂಡಿದ್ದವು.

ಇನ್ನೆರಡು ಹೆಜ್ಜೆ ಇಟ್ಟಾಗ ಪಾದ ಜುಂ ಎಂದಿತು. ಜೋಮು ಹಿಡಿಯಿತೇ? ಈಗ ತಾನೇ ನಡೆದು ಬಂದ ಕಾಲಿಗೆ ಜೋಮೇ? ಬಗ್ಗಿ ಕೊಳದ ಅಂಚು ಮುಟ್ಟಿದಳು. ಬೆರಳೂ ಜುಂ ಎಂದಿತು.

"ಅಮ್ಮಾ, ಕಾಳು ನಾನು ಹಾಕ್ತೀನಿ!" ಹಿಂದಿನಿಂದ ಚಿನ್ನಿ ಮೆಟ್ಟಿಲು ಇಳಿಯುತ್ತಿದ್ದಳು. ಅವಳು ಯಾವತ್ತೂ ಮೊಣಕೈವರೆಗೆ ನೀರಿಗೆ ಕೈ ಬಿಟ್ಟೇ ಕಾಳು ಹಾಕುವವಳು.

ಏನಾಗುತ್ತಿದೆ ಎಂದು ಸೊಸೆಗೆ ಆಗಲೂ ತಿಳಿಯಲಿಲ್ಲ. ಆದರೆ ಬಾಯಿ ತಾನೇ ಕೂಗಿತು. "ನಿಲ್ಲು! ಅಲ್ಲೇ ನಿಲ್ಲು ಚಿನ್ನೀ! ಕೆಳಗಿಳೀಬೇಡ!"

ಚಿನ್ನಿ ಕೊನೆಯ ಮೆಟ್ಟಿಲ ಮೇಲೆ ಗೊಂಬೆಯಂತೆ ನಿಂತಳು.

ಅದೇ ಹೊತ್ತಿಗೆ ಹಿತ್ತಲ ಗೇಟಿನಲ್ಲಿ ಮೋಟರಕ್ಕ ಕಾಣಿಸಿದಳು. ಹಿಂದಿನ ಬೀದಿಯಲ್ಲಿ ಮೋಟರು, ಪಂಪು ರಿಪೇರಿ ಮಾಡುವ ಹೆಂಗಸು. ಊರೆಲ್ಲ ಅವಳನ್ನು ಕರೆಯುವುದೇ ಹಾಗೆ. ರಿಪೇರಿಗೆ ಕೊಟ್ಟಿದ್ದ ಹುಲ್ಲು ಕತ್ತರಿಸುವ ಮೆಷಿನ್ನನ್ನು ವಾಪಸು ತಂದಿದ್ದಳು. ಹಳದಿ ವೈರು, ಒದ್ದೆ ಹುಲ್ಲು, ಬರಿಗಾಲು ನೋಡಿದವಳೇ ಮೆಷಿನ್ನನ್ನು ಗೇಟಿನ ಹೊರಗೇ ಇಳಿಸಿದಳು.

"ಯಾಕಮ್ಮ ಕೂಗಿದ್ದು?"

"ಅಕ್ಕಾ, ಕಾಲು ಜುಂ ಅಂತಿದೆ. ಏನಂತ ಗೊತ್ತಾಗ್ತಿಲ್ಲ."

"ನಂಗೆ ಗೊತ್ತಾಯ್ತು. ಏನನ್ನೂ ಮುಟ್ಟಬೇಡ. ಬಂದ ದಾರೀಲೇ ಪುಟ್ಟ ಪುಟ್ಟ ಹೆಜ್ಜೆ ಇಟ್ಟು ಹಿಂದಕ್ಕೆ ಹೋಗು. ಮೇನ್ ಸ್ವಿಚ್ ಎಲ್ಲಿದೆ?"

"ಮುಂದುಗಡೆ, ಮೀಟರ್ ಹತ್ರ."

ಮೋಟರಕ್ಕ ಸುತ್ತಿಕೊಂಡು ಓಡಿದಳು. ಮನೆಯ ಸದ್ದೆಲ್ಲ ಒಮ್ಮೆಗೇ ನಿಂತಿತು. ಕಲ್ಲಿನ ಮೇಲಿಂದ ಬೀಳುತ್ತಿದ್ದ ನೀರೂ ನಿಂತಿತು.

ಆಗ ಅತ್ತೆ ಹೊರಗೆ ಬಂದರು. "ಯಾರು ಆಫ್ ಮಾಡಿದ್ದು? ಮೀನು ಸಾಯುತ್ತೆ!"

"ಮೀನಲ್ಲ ದೊಡ್ಡಮ್ಮ. ಇನ್ನೊಂದು ಗಳಿಗೆ ಆಗಿದ್ರೆ ನಿಮ್ಮ ಮೊಮ್ಮಗಳು," ಎಂದಳು ಮೋಟರಕ್ಕ.

ಅತ್ತೆ ನಂಬಲಿಲ್ಲ. "ಏನೇನೋ ಹೆದರಿಸಬೇಡ ಕಣಮ್ಮ. ಪಂಪ್ ಚೆನ್ನಾಗೇ ಓಡ್ತಿತ್ತು. ಕೆಟ್ಟಿರೋದು ಆ ಟ್ರಿಪ್ ಸ್ವಿಚ್ಚು. ದಿನಾ ರಾತ್ರಿ ಬಿದ್ದು ಬಿದ್ದು ನನ್ನ ನಿದ್ದೇನೇ..."

ಮಾತು ಅಲ್ಲಿಗೇ ನಿಂತಿತು. ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ಅತ್ತೆಯ ಕಾಲಿನ ಚಪ್ಪಲಿ ನೋಡಿದಳು.

"ಬೆಕ್ಕು," ಎಂದಳು ಮೆಲ್ಲಗೆ.

ಅತ್ತೆ ಮೆಟ್ಟಿಲ ಮೇಲೆ ಕುಸಿದು ಕೂತರು. ಒಂದು ತಿಂಗಳ ಕಥೆ ಒಂದೇ ಉಸಿರಿಗೆ ಹೊರಬಂತು. ರಾತ್ರಿ ಎರಡಕ್ಕೆ ಸ್ವಿಚ್ ಬೀಳುವುದು. ಕೂಡಲೇ ಎತ್ತಿದರೆ ನಿಲ್ಲದು, ಕಾಲು ಗಂಟೆ ಬಿಟ್ಟು ಎತ್ತಿದರೆ ನಿಲ್ಲುವುದು. ಮಗನಿಗೆ ಹೇಳಿದರೆ ಕೊಳಕ್ಕೆ ಮಣ್ಣು. ಕೊನೆಗೆ ನಿನ್ನೆ ಸಂಜೆ ಸಾಮಾನಿನ ಕೋಣೆಯ ಹಳೆಯ ಪ್ಲಗ್ಗಿನಿಂದ ಆ ಹಳದಿ ವೈರು ಎಳೆದು ಪಂಪಿಗೆ ಕೊಟ್ಟಿದ್ದರು. ಆ ಕೋಣೆಯ ವೈರಿಂಗ್ ಮನೆಯ ಹಳೇ ಮಾಲೀಕರ ಕಾಲದ್ದು. ಅದಕ್ಕೆ ಟ್ರಿಪ್ ಸ್ವಿಚ್ಚೇ ಇರಲಿಲ್ಲ.

"ಬೀಳೋ ಸ್ವಿಚ್ಚೇ ಇಲ್ಲದ ಕಡೆ ಹಾಕಿದೆ. ರಾತ್ರಿಯೆಲ್ಲ ಬೀಳಲಿಲ್ಲ. ಸರಿಹೋಯ್ತು ಅಂದ್ಕೊಂಡೆ," ಎಂದರು ಅತ್ತೆ.

"ಕಳ್ಳ ಬಂದ ಅಂತ ನಾಯಿ ಬೊಗಳಿದ್ರೆ, ನಾಯೀನೇ ಓಡಿಸಿದ ಹಾಗಾಯ್ತಲ್ಲ ದೊಡ್ಡಮ್ಮ," ಎಂದಳು ಮೋಟರಕ್ಕ. "ಕರೆಂಟು ಹೋಗಬಾರದ ಕಡೆ ಸೋರಿ ಹೋದ್ರೆ ಟ್ರಿಪ್ ಸ್ವಿಚ್ಚು ಕಣ್ಣು ಮಿಟುಕಿಸೋದ್ರೊಳಗೆ ಬಿದ್ದುಬಿಡುತ್ತೆ. ಅದು ಬಿದ್ದಿದ್ದಕ್ಕೇ ನಾವು ಎದ್ದಿರ್ತೀವಿ."

"ಸೋರಿದ್ದು ಎಲ್ಲಿಂದ?" ಎಂದು ಸೊಸೆ ಕೇಳಿದಳು.

ಮೋಟರಕ್ಕ ಕೊಳದ ಪಕ್ಕ ಬೋರಲು ಹಾಕಿದ್ದ ಮಣ್ಣಿನ ಹೂಕುಂಡ ತೋರಿಸಿದಳು. ಪಂಪಿನ ವೈರು ಗಿಡ್ಡವಾಗಿತ್ತು. ಮನೆಯವರೇ ಹಿಂದೊಮ್ಮೆ ಇನ್ನೊಂದು ತುಂಡು ಸೇರಿಸಿ, ಟೇಪು ಸುತ್ತಿ, ಮಳೆ ಬೀಳದಿರಲಿ ಎಂದು ಅದರ ಮೇಲೆ ಆ ಕುಂಡ ಮುಚ್ಚಿದ್ದರು.

"ಕುಂಡದ ತಳದಲ್ಲಿ ಏನಿರುತ್ತೆ ದೊಡ್ಡಮ್ಮ?"

"ತೂತು. ನೀರು ನಿಲ್ಲಬಾರದು ಅಂತ. ಅಷ್ಟೂ ಗೊತ್ತಿಲ್ವಾ ನಂಗೆ?"

"ಬೋರಲು ಹಾಕಿದ್ರೆ ಆ ತೂತು ಎಲ್ಲಿರುತ್ತೆ?"

ನಲವತ್ತು ವರ್ಷ ಗಿಡ ಬೆಳೆಸಿದ ಅತ್ತೆ ಆಕಾಶ ನೋಡಿದರು. ಕುಂಡ ಎತ್ತಿದರೆ ಒಳಗೆ ಅಂಗೈಯಷ್ಟು ನೀರು. ಟೇಪು ಬಿಚ್ಚಿಕೊಂಡು, ತಾಮ್ರದ ಎಳೆ ಹಸಿರುಗಟ್ಟಿತ್ತು.

"ಆದ್ರೆ ಮಳೆಯೇ ಇಲ್ವಲ್ಲ ಅಕ್ಕ," ಎಂದಳು ಸೊಸೆ. "ಅದೂ ಸರಿಯಾಗಿ ರಾತ್ರಿ ಎರಡಕ್ಕೇ ಯಾಕೆ?"

ಮೋಟರಕ್ಕ ಒದ್ದೆ ಹುಲ್ಲು ನೋಡಿದಳು. ಸ್ಪ್ರಿಂಕ್ಲರ್ ನೋಡಿದಳು. ಸಾಮಾನಿನ ಕೋಣೆಗೆ ಹೋಗಿ ಟಾರ್ಚು ಹಾಕಿದಳು. ಆಮೇಲೆ ಗಟ್ಟಿಯಾಗಿ ನಕ್ಕಳು. "ಈಗ ಬೆಳಿಗ್ಗೆ ಏಳೂವರೆ. ಈ ಟೈಮರಿನ ಮುಳ್ಳು ರಾತ್ರಿ ಹತ್ತೂವರೆ ಅಂತಿದೆ!"

ಹೋದ ತಿಂಗಳು ಬೀದಿಯ ಕಂಬ ಬದಲಾಯಿಸುವಾಗ ಇಡೀ ಬೀದಿಗೆ ಒಂಬತ್ತು ಗಂಟೆ ಕರೆಂಟ್ ಇರಲಿಲ್ಲ. ಕರೆಂಟಿನ ಜೊತೆ ಟೈಮರೂ ನಿಂತಿತ್ತು. ಮತ್ತೆ ಓಡುವಾಗ ಒಂಬತ್ತು ಗಂಟೆ ಹಿಂದೆ ಉಳಿದಿತ್ತು. ಅಂದಿನಿಂದ ಸಂಜೆ ಐದರ ನೀರು ರಾತ್ರಿ ಎರಡಕ್ಕೆ ಚಿಮ್ಮುತ್ತಿತ್ತು.

ಸರಿಯಾಗಿ ಆಗಲೇ ಗಂಡ ಪಾಳಿ ಮುಗಿಸಿ ಬಂದ. "ಏನಿದು ಸಭೆ?"

"ಬನ್ನಿ ಸರ್, ಬನ್ನಿ," ಎಂದಳು ಮೋಟರಕ್ಕ. "ಊರಿನ ಬಸ್ಸಿಗೆಲ್ಲ ಟೈಮ್ ಹೇಳೋರ ಮನೇಲಿ ಇನ್ನೂ ರಾತ್ರಿ ಹತ್ತೂವರೆ!"

ವೈರು ಎಳೆದದ್ದು ಯಾರು ಎಂಬುದೊಂದನ್ನು ಬಿಟ್ಟು ಆದದ್ದನ್ನೆಲ್ಲ ಅವಳು ವಿವರಿಸಿದಳು. ಅವನು ಚಿನ್ನಿಯನ್ನು ಎತ್ತಿಕೊಂಡ. "ಸಾಕು. ಇವತ್ತೇ ಮಣ್ಣು ತರಿಸ್ತೀನಿ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು, ಸುತ್ತಿ ಬಿಚ್ಚಿದರು.

"ಮಣ್ಣು ಹಾಕಿದ್ರೆ ಕೊಳ ಹೋಗುತ್ತೆ ಸರ್," ಎಂದಳು ಮೋಟರಕ್ಕ. "ಸಾಮಾನಿನ ಕೋಣೆಯ ಪ್ಲಗ್ಗು ಹೋಗುತ್ತಾ? ಇದೇ ಹುಲ್ಲಿನ ಮೇಲೆ ನಾಳೆ ಈ ಕತ್ತರಿಸೋ ಮೆಷಿನ್ ಹಿಡ್ಕೊಂಡು ಅದೇ ಪ್ಲಗ್ಗಿಗೆ ಹಾಕ್ತೀರಿ. ಆಗ ಏನಕ್ಕೆ ಮಣ್ಣು ಹಾಕ್ತೀರಿ? ತಪ್ಪು ಕೊಳದ್ದಲ್ಲ. ನೀರಿಗೂ ಕರೆಂಟಿಗೂ ಬಲು ದೋಸ್ತಿ. ಅವೆರಡೂ ಸೇರದ ಹಾಗೆ ನೋಡ್ಕೊಳ್ಳೋ ಕೆಲಸ ನಮ್ಮದು."

ಅವನು ಸೊಸೆಯ ಕಡೆ ತಿರುಗಿದ. "ನೀನೇನಂತೀಯಾ?"

ಸೊಸೆಗೆ ಇನ್ನೂ ಪಾದದಲ್ಲಿ ಆ ಜುಂ ಇದ್ದ ಹಾಗೆಯೇ ಇತ್ತು. ಅತ್ತೆಯ ಬೆರಳಿಗೆ ಸುತ್ತಿದ ಸೆರಗು ನೋಡಿ ಹೇಳಿದಳು. "ಸರಿಯಾಗಿ ಮಾಡಿಸೋಣ ರೀ. ಸರಿ ಅಂತ ಅಕ್ಕ ಹೇಳೋವರೆಗೂ ಯಾರೂ ಹಿತ್ತಲಿಗೆ ಇಳಿಯೋದು ಬೇಡ."

ಹಾಗೆಯೇ ಆಯಿತು. ಮೋಟರಕ್ಕ ಪಂಪಿಗೆ ನಡುವೆ ಜೋಡಣೆಯೇ ಇಲ್ಲದ ಉದ್ದನೆಯ ವೈರು ಹಾಕಿಸಿದಳು. ಸಾಮಾನಿನ ಕೋಣೆಗೂ ಟ್ರಿಪ್ ಸ್ವಿಚ್ಚು ಬಂತು. ಹೊರಗಿನ ಪ್ಲಗ್ಗು ಎದೆಯೆತ್ತರಕ್ಕೆ ಏರಿ, ಮುಚ್ಚಳವಿರುವ ಪೆಟ್ಟಿಗೆಯೊಳಗೆ ಸೇರಿತು. ಕೊಳದ ಮೇಲೆ ಗಟ್ಟಿ ಬಲೆ ಬಂತು. ಟೈಮರನ್ನು ಟೈಮ್ ಕೀಪರೇ ಮೂರು ಸಲ ನೋಡಿ ಸರಿಮಾಡಿದ. ಹೂಕುಂಡವನ್ನು ಅತ್ತೆ ನೆಟ್ಟಗೆ ನಿಲ್ಲಿಸಿ ಅದರಲ್ಲಿ ತುಳಸಿ ನೆಟ್ಟರು. ಆಮೇಲೆ ಸೊಸೆಯ ಪಕ್ಕ ಬಂದು, ಯಾರಿಗೂ ಕೇಳದ ಹಾಗೆ ಹೇಳಿದರು. "ಇನ್ಮೇಲೆ ಬಿದ್ರೆ ಎತ್ತಲ್ಲ ಕಣೇ. ನಿನ್ನನ್ನೇ ಎಬ್ಬಿಸ್ತೀನಿ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಒಂದು ಹಿತ್ತಲಿರಬಹುದು, ಒಂದು ತೊಟ್ಟಿ ಇರಬಹುದು, ಹುಲ್ಲು ಕತ್ತರಿಸುವ ಮೆಷಿನ್ನೋ ನೀರೆತ್ತುವ ಮೋಟರೋ ಇರಬಹುದು. ಇವತ್ತೇ ಒಮ್ಮೆ ಸ್ವಿಚ್ ಬೋರ್ಡಿನ ಮುಂದೆ ನಿಂತು ನೋಡಿ. ಕರೆಂಟು ಸೋರಿದರೆ ಬೀಳುವ ಟ್ರಿಪ್ ಸ್ವಿಚ್ಚು ಇದೆಯೇ? ಗೊತ್ತಾಗದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕೇಳಿ. ಇದ್ದರೆ ಅದರ ಮೇಲೆ ಟೆಸ್ಟ್ ಎಂಬ ಚಿಕ್ಕ ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ. ಅದು ಬೀಳಬೇಕು. ಬೀಳದಿದ್ದರೆ ಕೂಡಲೇ ಬದಲಿಸಿ. ನೀರಿಗೆ ಕೈ ಹಾಕುವ ಮೊದಲು ಪಂಪಿನ ಸ್ವಿಚ್ ಆರಿಸಿ, ಪ್ಲಗ್ ತೆಗೆಯಿರಿ. ಟೇಪು ಸುತ್ತಿದ ಜೋಡಣೆಯನ್ನು ಹೊರಗೆ ಬಿಡಬೇಡಿ. ಸ್ವಿಚ್ಚು ಮತ್ತೆ ಮತ್ತೆ ಬಿದ್ದರೆ ಎತ್ತುತ್ತಾ ಕೂರಬೇಡಿ, ಬೇರೆ ದಾರಿಯಲ್ಲಿ ಕರೆಂಟ್ ಎಳೆಯಬೇಡಿ. ಅದು ಯಾಕೆ ಬಿತ್ತು ಎಂದು ಕೇಳಿ. ಮುಖ್ಯವಾಗಿ, ಮನೆಯಲ್ಲಿ ಬಾಯಿಬಿಟ್ಟು ಹೇಳಿ. ಯಾರು ಮಾಡಿದರು ಎಂಬುದನ್ನು ಬೇಕಾದರೆ ಮುಚ್ಚಿಡಿ. ಏನಾಗಿದೆ ಎಂಬುದನ್ನು ಮುಚ್ಚಿಡಬೇಡಿ.

ಆ ಭಾನುವಾರ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುವಾಗ ಗಂಡ ಕೇಳಿದ. "ಒಂದು ಮಾತ್ರ ನಂಗೆ ಅರ್ಥವೇ ಆಗಲಿಲ್ಲ. ಆ ಹಳದಿ ವೈರು ಎಳೆದಿದ್ದು ಯಾರು?"

ಪಾತಿಯಲ್ಲಿ ಕಳೆ ಕೀಳುತ್ತಿದ್ದ ಅತ್ತೆಯ ಕೈ ನಿಂತಿತು.

"ಬೆಕ್ಕಿರಬೇಕು," ಎಂದಳು ಸೊಸೆ.

"ಬೆಕ್ಕು ಪ್ಲಗ್ ಹಾಕುತ್ತಾ?"

"ಈಗಿನ ಕಾಲದ ಬೆಕ್ಕು ರೀ."

ಅತ್ತೆ ಮತ್ತೆ ಕಳೆ ಕೀಳತೊಡಗಿದರು. ಹೇಳಬೇಕಾದದ್ದನ್ನೆಲ್ಲ ಎಲ್ಲರಿಗೂ ಹೇಳಿಯಾಗಿತ್ತು. ಇದೊಂದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ ಎಂದು ಸೊಸೆ ಗಟ್ಟಿ ಮಾಡಿಕೊಂಡಳು.