ಹೊಂದದ ಸಾಲು

"ಪರೀಕ್ಷೇನೇ ಬರೀದೆ ಅರವತ್ತೇಳಾ?" ಗುಮಾಸ್ತೆ ಕನ್ನಡಕವನ್ನು ಮೇಲಕ್ಕೆ ತಳ್ಳಿ ಮತ್ತೊಮ್ಮೆ ಪರದೆ ನೋಡಿದಳು.

ಕೌಂಟರಿನ ಆಚೆ ಊರುಗೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದ ವಿದ್ಯಾರ್ಥಿ ಹಲ್ಲು ಕಿರಿದ. ಮೊದಲನೇ ಟೆಸ್ಟಿನ ಹಿಂದಿನ ದಿನ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡವನು ಅವನು. ತನಗೆ ಮರುಪರೀಕ್ಷೆ ಯಾವಾಗ ಎಂದು ಕೇಳಲು ಬಂದಿದ್ದ.

"ಆವತ್ತು ನಾನು ಕಾಲು ನೇತುಹಾಕ್ಕೊಂಡು ಮಲಗಿದ್ದೆ ಅಕ್ಕಾ. ಮೇಷ್ಟ್ರು ಪಾಪ ಅಂತ ಹಾಕಿರ್ಬೇಕು. ಇರ್ಲಿ ಬಿಡಿ, ಬಂದದ್ದನ್ನ ಬೇಡ ಅನ್ಬಾರ್ದು."

"ನಾಳೆ ಬಾ. ನೋಡಿ ಹೇಳ್ತೀನಿ," ಎಂದಳು. ನಗು ಬರಲಿಲ್ಲ.

ಅದು ರಕ್ತ, ಮೂತ್ರ ಪರೀಕ್ಷಿಸುವ ಕೆಲಸ ಕಲಿಸುವ ಸಣ್ಣ ಕಾಲೇಜು. ಒಂದು ವರ್ಷದ ಕೋರ್ಸು, ಅರವತ್ತೆರಡು ಜನ. ಮೇಷ್ಟ್ರುಗಳು ಉತ್ತರಪತ್ರಿಕೆ ತಿದ್ದಿ ಅಂಕಗಳನ್ನು ಎಕ್ಸೆಲ್ ಶೀಟಿನಲ್ಲಿ ಹಾಕಿ ಕಳಿಸುತ್ತಿದ್ದರು. ಅದನ್ನು ಜೋಡಿಸಿ ಗ್ರೇಡ್‌ಬುಕ್ ಎಂಬ ಆನ್‌ಲೈನ್ ಅಂಕಪಟ್ಟಿಗೆ ಏರಿಸುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಅದೇ ಕುರ್ಚಿ. ಹುಡುಗರು ಅವಳನ್ನು ಅಂಕದಕ್ಕ ಎಂದೇ ಕರೆಯುತ್ತಿದ್ದರು. ಮೂರನೇ ಶೀಟಿಗೆ ಬರುವಷ್ಟರಲ್ಲಿ ಕೈ ತಾನೇ ಓಡುತ್ತಿತ್ತು, ಮನಸ್ಸು ಮನೆಯ ಯಾವುದೋ ಯೋಚನೆಯಲ್ಲಿರುತ್ತಿತ್ತು.

ಆ ಟೆಸ್ಟು ನಡೆಸಿದ್ದ ರಕ್ತಶಾಸ್ತ್ರದ ಮೇಷ್ಟ್ರು ಕಳಿಸಿದ್ದ ಹಳೆಯ ಮೇಲ್ ಹುಡುಕಿ ತೆಗೆದಳು. ಅವರ ಶೀಟಿನಲ್ಲಿ ಮೊದಲು ರಿಜಿಸ್ಟರ್ ನಂಬರು, ಪಕ್ಕದಲ್ಲಿ ಹೆಸರು, ಆಮೇಲೆ ಒಂದು ಖಾಲಿ ಕಾಲಂ, ಅದರಾಚೆ ಅಂಕ. ನೋಡಲು ಚೆನ್ನಾಗಿರಲಿ ಎಂದು ಮೇಷ್ಟ್ರು ಯಾವಾಗಲೂ ಹಾಗೆ ಒಂದು ಓಣಿ ಬಿಡುತ್ತಿದ್ದರು. ಅವಳು ಐದು ವಾರದ ಹಿಂದೆ ನಂಬರುಗಳನ್ನು ಏರಿಕೆಯ ಕ್ರಮಕ್ಕೆ ತಂದಿದ್ದಳು. ನಂಬರು ಹೆಸರು ಎರಡೂ ಜೊತೆಯಲ್ಲಿ ಸರಿದಿದ್ದವು. ಓಣಿಯ ಆಚೆಯ ಅಂಕಗಳು ಮಾತ್ರ ಇದ್ದಲ್ಲೇ ಇದ್ದವು. ಒಬ್ಬರ ಅಂಕ ಇನ್ನೊಬ್ಬರ ತಲೆಗೆ ಕಟ್ಟಿಕೊಂಡಿತ್ತು. ಕಂಪ್ಯೂಟರಿಗೇನು ಗೊತ್ತು? ‘ಅರವತ್ತೆರಡು ಸಾಲುಗಳು ಸೇರಿವೆ’ ಎಂದು ಹಸಿರು ಅಕ್ಷರದಲ್ಲಿ ತೋರಿಸಿತ್ತು. ಅವಳು ಚಹಾ ಕುಡಿಯಲು ಎದ್ದು ಹೋಗಿದ್ದಳು.

ಆಗಲೇ ಒಂದು ಸುಳಿವು ಸಿಕ್ಕಿತ್ತಲ್ಲ ಎಂಬುದು ಈಗ ನೆನಪಾಯಿತು. ಗೈರಾದವನ ಮುಂದೆ ಮೇಷ್ಟ್ರು ಎಳೆದಿದ್ದ ಅಡ್ಡಗೆರೆ ಹೋಗಿ ತರಗತಿಯ ಜಾಣೆಯ ಹೆಸರಿನ ಮುಂದೆ ಕೂತಿತ್ತು. ಆ ಹುಡುಗಿ ಅದೇ ದಿನ ತಂದೆಯನ್ನು ಕರೆದುಕೊಂಡು ಬಂದು, ಕೌಂಟರು ಗುದ್ದಿ, ಮೇಷ್ಟ್ರ ಕೈಯಿಂದಲೇ ತನ್ನ ಅಂಕ ಹಾಕಿಸಿಕೊಂಡು ಹೋಗಿದ್ದಳು. ಎಲ್ಲೋ ಒಬ್ಬಳದು ಬಿಟ್ಟುಹೋಗಿದೆ ಎಂದುಕೊಂಡರೇ ಹೊರತು ಮಿಕ್ಕವರದು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಫೋನ್ ಮಾಡಿದ ಕೂಡಲೇ ಮೇಷ್ಟ್ರು ಓಡೋಡಿ ಬಂದರು. ಪರದೆಗೆ ಮೂಗು ತಾಗಿಸಿ ನೋಡಿ ಹಣೆ ಒತ್ತಿಕೊಂಡರು.

"ಅಲ್ಲಮ್ಮಾ, ಜಾಸ್ತಿ ಬಂದವರು ಬಾಯಿಗೆ ಬೀಗ ಹಾಕ್ಕೊಂಡ್ರು, ಸರಿ. ಕಡಿಮೆ ಬಂದವರಿಗೆ ಏನಾಗಿತ್ತು? ಒಬ್ಬರಾದ್ರೂ ಬಂದು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ನಾವೇನು ಹೇಳ್ತಿದ್ವಿ ಸಾರ್?" ಎಂದಳು ಗುಮಾಸ್ತೆ.

ಈ ಸಲ ಅವಳು ಖಾಲಿ ಕಾಲಂ ತೆಗೆದುಹಾಕಿ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಮೂಲದ ಜೊತೆ ತಾಳೆ ನೋಡಿ, ಮತ್ತೆ ಏರಿಸಿದಳು. ‘ಅರವತ್ತೊಂದು ಸಾಲುಗಳು ಸೇರಿವೆ. ಒಂದು ಸಾಲು ಹೊಂದಲಿಲ್ಲ: ಈ ವಿದ್ಯಾರ್ಥಿ ಕೋರ್ಸಿನಲ್ಲಿಲ್ಲ.’

ನಂಬರು ನೋಡಿದ ಕೂಡಲೇ ಯಾರೆಂದು ತಿಳಿಯಿತು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಿಂದ ಬರುತ್ತಿದ್ದ ಹೆಂಗಸು. ವಯಸ್ಸು ನಲವತ್ತರ ಹತ್ತಿರ. ತರಗತಿಯ ಚಿಳ್ಳೆಪಿಳ್ಳೆಗಳೆಲ್ಲ ತಮಾಷೆಗೆ ಅತ್ತಿಗೆ ಎನ್ನುತ್ತಿದ್ದರು, ಕೊನೆಗೆ ಮೇಷ್ಟ್ರೂ ಹಾಗೇ ಕರೆಯತೊಡಗಿದ್ದರು. ಮೂರು ವಾರದ ಹಿಂದೆ ಅವಳು ಹೆಸರು ತೆಗೆಸಿಕೊಳ್ಳುವ ಫಾರಂ ಹಿಡಿದು ಬಂದಿದ್ದಳು. ಕಾರಣ ಎಂಬಲ್ಲಿ ಗುಂಡಗಿನ ಅಕ್ಷರದಲ್ಲಿ ‘ನನ್ನ ತಲೆಗೆ ಹತ್ತುವುದಿಲ್ಲ’ ಎಂದು ಬರೆದಿದ್ದಳು. "ಇಷ್ಟು ದಿನ ಬಂದು ಈಗ ಬಿಡ್ತೀರಾ?" ಎಂದು ಗುಮಾಸ್ತೆ ಬಾಯಿಮಾತಿಗೆ ಕೇಳಿದ್ದಳು. "ಎಲ್ಲಾ ಎಲ್ಲರಿಗೂ ಬರಲ್ಲ ಅಲ್ವಾ ಮೇಡಂ," ಎಂದಿದ್ದಳು ಆಕೆ. ಗುಮಾಸ್ತೆ ಮೊಹರು ಒತ್ತಿ ಪಕ್ಕಕ್ಕೆ ಇಟ್ಟಿದ್ದಳು.

ಗ್ರೇಡ್‌ಬುಕ್ಕಿನಲ್ಲಿ ಆಕೆಗೆ ತೋರಿಸಿದ್ದು ಇಪ್ಪತ್ತೊಂದು. ಮೇಷ್ಟ್ರ ಶೀಟಿನಲ್ಲಿ ಆಕೆಯ ಮುಂದೆ ಇದ್ದದ್ದು ಎಂಬತ್ತೆಂಟು.

ಪ್ರಾಂಶುಪಾಲರು ಎಲ್ಲವನ್ನೂ ಕೇಳಿ, ಪೆನ್ನಿನ ಟೋಪಿ ತೆಗೆದು ಹಾಕಿ ತೆಗೆದು ಹಾಕಿ ಮಾಡಿದರು.

"ಸರಿಮಾಡಿದ್ರಲ್ಲ, ಆಯ್ತು. ಹುಡುಗರಿಗೆ ಒಂದು ನೋಟಿಸು ಕಳಿಸಿ. ಹೆಸರು ತೆಗೆಸಿಕೊಂಡವರ ಸೀಟು ಆಗಲೇ ಬೇರೆಯವರಿಗೆ ಹೋಗಿದೆ. ಈಗ ಆ ವಿಷಯ ಕೆದಕಿದ್ರೆ ನಮ್ಮ ಕುತ್ತಿಗೆಗೇ ಬರುತ್ತೆ."

"ಆಕೆಗೆ ಹೇಳೋದು ಬೇಡ್ವಾ ಸಾರ್?"

"ಹೇಳಿ ಏನು ಮಾಡ್ತೀರಿ? ಸುಮ್ಮನೆ ಹೊಟ್ಟೆ ಉರಿಸಿದ ಹಾಗಾಗುತ್ತೆ, ಅಷ್ಟೇ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅದು ಅವಳನ್ನು ಇನ್ನಷ್ಟು ಕಾಡಿತು. ಮನೆಗೆ ಹೋಗಿ ಗಂಡನಿಗೆ ಹೇಳಿದಳು. ಅವನೂ "ಆಗಿದ್ದು ಆಗ್ಹೋಯ್ತು" ಎಂದ. ಮಾರನೆಯ ದಿನ ಊಟದ ಬಿಡುವಿನಲ್ಲಿ ಡಬ್ಬಿಯನ್ನು ಮೇಜಿನ ಮೇಲೇ ಬಿಟ್ಟು ಆಸ್ಪತ್ರೆಯತ್ತ ನಡೆದಳು.

ಬಟ್ಟೆ ಒಗೆಯುವ ವಿಭಾಗ ನೆಲಮಾಳಿಗೆಯಲ್ಲಿತ್ತು. ಇಳಿಯುತ್ತಿದ್ದಂತೆ ಬಿಸಿ ಹಬೆ, ಸೋಪಿನ ಘಾಟು ಮುಖಕ್ಕೆ ಹೊಡೆದವು. ನಾಲ್ಕು ಯಂತ್ರಗಳು ಒಂದೇ ಸಮನೆ ಗುಡುಗುತ್ತಿದ್ದವು. ಅತ್ತಿಗೆ ಒಣಗಿದ ಹಾಸಿಗೆ ಬಟ್ಟೆಗಳ ಗುಡ್ಡೆಯ ಮುಂದೆ ನಿಂತಿದ್ದಳು. ಗುರುತು ಹಿಡಿದು, ಗಾಬರಿಯಿಂದ ಕೈಯನ್ನು ಕೆಲಸದ ಕೋಟಿಗೆ ಒರೆಸಿಕೊಂಡಳು.

"ಏನು ಮೇಡಂ, ಇಲ್ಲೀತನಕ? ಫಾರಮ್ಮಲ್ಲಿ ಏನಾದ್ರೂ ತಪ್ಪಾಗಿತ್ತಾ?"

"ತಪ್ಪು ನಿಮ್ಮದಲ್ಲ, ನಂದು," ಎಂದಳು ಗುಮಾಸ್ತೆ. ಓಣಿ ಬಿಟ್ಟ ಕಾಲಂ, ಜಾರಿಹೋದ ಅಂಕಗಳು, ಯಾವುದನ್ನೂ ಮುಚ್ಚಿಡದೆ ಹೇಳಿದಳು. ಕೊನೆಗೆ, "ನಿಮಗೆ ಬಂದಿದ್ದು ಎಂಬತ್ತೆಂಟು," ಎಂದಳು.

ಯಂತ್ರದ ಸದ್ದಿಗೆ ಕೇಳಿಸಲಿಲ್ಲವೇನೋ ಎನ್ನುವಂತೆ ಅತ್ತಿಗೆ ತಲೆ ಓರೆ ಮಾಡಿದಳು. "ಎಷ್ಟು?"

"ಎಂಬತ್ತೆಂಟು. ತರಗತೀಲಿ ನಿಮಗಿಂತ ಮುಂದೆ ಇದ್ದವರು ಇಬ್ಬರೇ."

ಬೈದಾಳು, ಅತ್ತಾಳು ಎಂದು ಗುಮಾಸ್ತೆ ಎರಡಕ್ಕೂ ಸಿದ್ಧವಾಗಿ ನಿಂತಿದ್ದಳು.

"ಪರೀಕ್ಷೆ ಬರೆದು ಬಂದ ದಿನ ಚೆನ್ನಾಗಿ ಬರೆದಿದೀನಿ ಅಂತ ಮನೇಲಿ ಹೇಳಿದ್ದೆ ಮೇಡಂ," ಎಂದಳು ಅತ್ತಿಗೆ ಮೆಲ್ಲಗೆ. "ಆಮೇಲೆ ಫೋನಲ್ಲಿ ಇಪ್ಪತ್ತೊಂದು ಅಂತ ಬಂತು. ನಮ್ಮತ್ತೆ ಏನೂ ಅನ್ನಲಿಲ್ಲ, ನಮ್ಮೆಜಮಾನ್ರೂ ಅನ್ನಲಿಲ್ಲ. ಮಗಳು ಮಾತ್ರ, ಅಮ್ಮಾ, ಹೋಗಿ ಕೇಳು, ತಪ್ಪಿರುತ್ತೆ ಅಂದ್ಲು. ನಾನೇ ಬೈದು ಕೂರಿಸಿದೆ. ಓದಿದವರು ಹಾಕಿದ ಅಂಕ ತಪ್ಪಾಗುತ್ತೇನೇ ಅಂತ."

"ಬಂದು ಕೇಳಬೇಕಿತ್ತು ನೀವು."

"ಹೌದು. ಆದ್ರೆ ಕೇಳೋಕೆ ಅನುಮಾನ ಬರಬೇಕಲ್ಲ. ನನಗೆ ಬರಲೇ ಇಲ್ಲ. ಇಪ್ಪತ್ತೊಂದು ನೋಡಿದಾಗ, ಸರಿ, ನಾನು ಇಷ್ಟೇ ಅಂತ ಅನ್ನಿಸ್ತು. ಮೊದಲಿಂದ ಗೊತ್ತಿದ್ದದ್ದನ್ನೇ ಯಾರೋ ಹೇಳಿದ ಹಾಗೆ."

ಗುಮಾಸ್ತೆ ನೆಲ ನೋಡಿದಳು. ಒದ್ದೆ ಸಿಮೆಂಟಿನ ಮೇಲೆ ಗಾಡಿಯ ಗಾಲಿಗಳ ಗೆರೆಗಳಿದ್ದವು.

"ಮುಂದಿನ ವರ್ಷ ಅರ್ಜಿ ಹಾಕಿ. ನಾನೇ ಫಾರಂ ತುಂಬಿ ಕೊಡ್ತೀನಿ. ಮೇಷ್ಟ್ರೂ ಶಿಫಾರಸು ಮಾಡ್ತೀನಿ ಅಂದಿದಾರೆ."

"ಹೋದ ವಾರ ಕಾಯಂ ಪಾಳಿಗೆ ಸಹಿ ಹಾಕ್ಬಿಟ್ಟೆ. ಬೆಳಗ್ಗೆ ಏಳರಿಂದ ಐದು. ಓದೋದು ಹೇಗೂ ಬಿಟ್ಟೆನಲ್ಲ ಅಂತ." ಅತ್ತಿಗೆ ನಗಲು ನೋಡಿದಳು. "ನೀವು ಬಂದು ಹೇಳಿದ್ರಲ್ಲ, ಒಳ್ಳೇದಾಯ್ತು. ಆದ್ರೆ ಒಂದು ಮಾತು ಹೇಳ್ಲಾ ಮೇಡಂ? ತಪ್ಪು ತಿಳ್ಕೋಬೇಡಿ. ಇಪ್ಪತ್ತೊಂದರ ಜೊತೆ ಹೇಗೋ ಹೊಂದ್ಕೊಂಡು ಬಿಟ್ಟಿದ್ದೆ. ಈಗ ಈ ಎಂಬತ್ತೆಂಟನ್ನ ಎಲ್ಲಿ ಇಟ್ಕೊಳ್ಳಲಿ?"

ಒಳಗಿಂದ ಯಾರೋ ಮೂರನೇ ವಾರ್ಡಿಗೆ ಬಟ್ಟೆ ಕೇಳಿ ಕೂಗಿದರು. "ಬಂತು, ಬಂತು," ಎಂದು ಅತ್ತಿಗೆ ಗುಡ್ಡೆಯಿಂದ ಅಗಲವಾದ ಹೊದಿಕೆಯೊಂದನ್ನು ಎಳೆದಳು. ಒಬ್ಬರೇ ಮಡಚುವಂಥದ್ದಲ್ಲ ಅದು. ಗುಮಾಸ್ತೆ ಕೈಚೀಲವನ್ನು ಭುಜಕ್ಕೆ ಏರಿಸಿ ಇನ್ನೊಂದು ತುದಿ ಹಿಡಿದಳು.

"ಅಷ್ಟು ಎಳೀಬೇಡಿ. ಸುಮ್ನೆ ಹಿಡ್ಕೊಳ್ಳಿ ಸಾಕು," ಎಂದಳು ಅತ್ತಿಗೆ.

ಇಬ್ಬರೂ ಮೂಲೆಗೆ ಮೂಲೆ ಕೂಡಿಸಿ ಹತ್ತಿರ ಬಂದರು. ಬಟ್ಟೆ ಇನ್ನೂ ಬೆಚ್ಚಗಿತ್ತು. ಅತ್ತಿಗೆ ಮಡಚಿದ್ದನ್ನು ಅವಳ ಕೈಯಿಂದ ತೆಗೆದುಕೊಂಡು ಗಾಡಿಯ ಮೇಲಿಟ್ಟು, ಅಂಗೈಯಿಂದ ಒಮ್ಮೆ ನೆರಿಗೆ ಸವರಿ, ಮುಂದಿನದಕ್ಕೆ ಕೈ ಹಾಕಿದಳು.